ಗುಂಡುಗಳ ನಡುವಿನ ಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳ ಮತ್ತು ಗಂಗಾವತಿಯ ನಡುವೆ ಒಂದು ಗುಡ್ಡದ ಬುಡದಲ್ಲಿ ದೊಡ್ಡ ಬಂಡೆಗಳ ನಡುವೆ ನಾವು ಕಟ್ಟಿಕೊಂಡಿರುವ, ಶಿಲ್ಪದಂತಹದು ಎಂದು ನಾನು ಹೇಳುವ ಮನೆಯನ್ನು ನೋಡಲು ಭಾನುವಾರಗಳಂದು ಜನ ಬರುತ್ತಾರೆ. ಮನೆ ಕಟ್ಟಿಸುವ ಯೋಚನೆಯಲ್ಲಿರುವವರು ಬರುತ್ತಾರೆ, ವಾಸ್ತುಶಿಲ್ಪ ಓದುತ್ತಿರುವ ಹುಡುಗ ಹುಡುಗಿಯರು ಬರುತ್ತಾರೆ, ‘ಇದೇನು ಗುಡಿಯೋ, ನೀರಿನ ಟಾಕಿಯೋ’ ಎಂದು ದಾರಿಯಲ್ಲಿ ಗಾಡಿ ನಿಲ್ಲಿಸಿದವರೂ ಬರುತ್ತಾರೆ. ಕಟ್ಟಡಗಳ ವಿನ್ಯಾಸವೇ ನನ್ನ ಕಸುಬಾದ್ದರಿಂದ ಪ್ರಶ್ನೆಗಳಿಗೆ ಉತ್ತರಿಸುವುದು ಹೊಸದಲ್ಲ. ಆದರೆ ಅವವೇ ಪ್ರಶ್ನೆಗಳು ಮತ್ತೆ ಮತ್ತೆ ಬರುವುದನ್ನು ಕಂಡು, ನಿಂತಲ್ಲೇ ಅರ್ಧಂಬರ್ಧ ಹೇಳುವುದಕ್ಕಿಂತ ಒಮ್ಮೆ ಕೂತು ಪೂರ್ತಿಯಾಗಿ ಬರೆಯುವುದು ಲೇಸೆನಿಸಿತು. ನಮ್ಮ ಕಡೆ ದೊಡ್ಡ ಬಂಡೆಗೆ ‘ಗುಂಡು’ ಎನ್ನುತ್ತಾರೆ. ಕೊಪ್ಪಳದ ಪಾಲ್ಕಿಗುಂಡಿನ ಹೆಸರಿನಲ್ಲಿರುವುದೂ ಅದೇ ಗುಂಡು. ಈ ಬರಹದಲ್ಲಿಯೂ ಆ ಮಾತನ್ನೇ ಬಳಸಿದ್ದೇನೆ.

ಇದನ್ನು ಶಿಲ್ಪದಂತಹ ಮನೆ ಎನ್ನುವುದೇಕೆ? ಗೋಡೆಯ ಮೇಲೆ ಒಂದು ಕೆತ್ತನೆಯೂ ಇಲ್ಲವಲ್ಲ?

ಶಿಲ್ಪ ಎಂದೊಡನೆ ನಮಗೆ ಮೊದಲು ನೆನಪಾಗುವುದು ಇಟಗಿಯ ಮಹಾದೇವ ದೇವಾಲಯದಂತಹ ಕಟ್ಟಡ. 1112ರಲ್ಲಿ, ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಆ ಗುಡಿಯಲ್ಲಿ ಕಂಬ, ಬಾಗಿಲವಾಡ, ಗೋಡೆಗೂಡುಗಳೆಲ್ಲ ಉಳಿಯ ಕೆಲಸದಿಂದ ತುಂಬಿವೆ. ಅಲ್ಲಿಯ ಕಲ್ಲು ಮೃದುವಾಗಿರುವುದರಿಂದ ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು. ಆದರೆ ಇದೇ ಜಿಲ್ಲೆಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ, ಕ್ರಿಸ್ತಪೂರ್ವ ಮೊದಲ ಸಹಸ್ರಮಾನದ ಜನ ನಿಲ್ಲಿಸಿಹೋದ ಕಲ್ಲುಮನೆಗಳಿವೆ; ಸುಮಾರು 400 ಬೃಹತ್ ಶಿಲಾ ರಚನೆಗಳ ಆ ಗುಂಪನ್ನು ಊರಿನವರು ‘ಮೊರೇರ ಮನೆಗಳು’ ಎನ್ನುತ್ತಾರೆ. ಅವುಗಳ ಮೇಲೆ ಅಲಂಕಾರದ ಒಂದು ಗೆರೆಯೂ ಇಲ್ಲ. ಬಂಡೆಯಿಂದ ಪದರಪದರವಾಗಿ ಎದ್ದ ಚಪ್ಪಡಿಗಳನ್ನು ನಾಲ್ಕು ಕಡೆ ನಿಲ್ಲಿಸಿ, ಮೇಲೊಂದು ಹೊದಿಸಿ, ಕೆಲವಕ್ಕೆ ಮುಂದಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ, ಅಷ್ಟೇ. ಆದರೂ ಸಂಜೆಯ ಹೊತ್ತು ಅಲ್ಲಿ ನಿಂತವರಿಗೆ ಅವು ಶಿಲ್ಪಗಳಂತೆ ಕಾಣದೆ ಇರುವುದಿಲ್ಲ, ಏಕೆಂದರೆ ಅವುಗಳ ತೂಕ, ನೆರಳು, ನಡುವಿನ ತೆರಪು ಮತ್ತು ಹಿಂದಿರುವ ಗುಡ್ಡ ಇವೆಲ್ಲ ಒಂದಕ್ಕೊಂದು ಲೆಕ್ಕವಿಟ್ಟು ನಿಂತಿವೆ. ಈ ಮನೆಯನ್ನು ನಾನು ಶಿಲ್ಪದಂತಹದು ಎನ್ನುವುದು ಎರಡನೆಯ ಅರ್ಥದಲ್ಲಿ.

ಮನೆಯ ಮುಖ ಯಾವ ಕಡೆಗಿದೆ?

ಪಕ್ಕದ ಹೊಲದ ಹಿರಿಯರು ಕೆಲಸ ನಡೆಯುತ್ತಿದ್ದಾಗಲೇ ಸುತ್ತ ಒಂದು ಸುತ್ತು ಹಾಕಿ ಬಂದು, ‘ಎಲ್ಲಾ ಚಲೋ ಐತಿ, ಆದ್ರ ಇದಕ್ಕ ಮಾರಿ ಎಲ್ಲೈತ್ರೀ?’ ಎಂದು ಕೇಳಿದ್ದರು. ಈಗಿನ ಭಾಷೆಯಲ್ಲಿ ಹೇಳುವುದಾದರೆ ‘ಎಲಿವೇಶನ್ ಯಾವುದು?’ ಎಂಬುದೇ ಅವರ ಪ್ರಶ್ನೆ. ರಸ್ತೆಗೆ ಮುಖಮಾಡಿದ ನಿವೇಶನದಲ್ಲಿ ಮುಂದಿನ ಗೋಡೆಗೆ ಮಾತ್ರ ಕಲ್ಲು, ಗಾಜು, ಬಣ್ಣಗಳನ್ನು ಮೆತ್ತಿ, ಉಳಿದ ಮೂರು ಬದಿಗೆ ಬರಿಯ ಗಿಲಾವ್ ಹೊಡೆದು ಬಿಡುವುದು ನಮ್ಮ ಊರುಗಳಲ್ಲಿ ರೂಢಿಯಾಗಿದೆ. ಇಲ್ಲಿ ರಸ್ತೆ ಕೆಳಗಿದೆ, ಗುಡ್ಡ ಮೇಲಿದೆ, ದನ ಕಾಯುವವರು ಹಿಂದಿನಿಂದ ಬರುತ್ತಾರೆ. ಆದ್ದರಿಂದ ಯಾವ ಬದಿಯನ್ನೂ ಹಿತ್ತಿಲೆಂದು ತಾತ್ಸಾರ ಮಾಡುವಂತಿರಲಿಲ್ಲ. ಬಾಗಿಲು ಪೂರ್ವಕ್ಕಿದೆ. ಮಾರಿ ಎಲ್ಲಿದೆ ಎಂಬುದು ಆ ಹಿರಿಯರಿಗೆ ಇನ್ನೂ ಇತ್ಯರ್ಥವಾಗಿಲ್ಲ.

ಈ ಆಕಾರ ನಿಮಗೆ ಹೇಗೆ ಹೊಳೆಯಿತು?

ಹೊಳೆಯಿತು ಎಂದರೆ ತಪ್ಪಾಗುತ್ತದೆ. ಮೊದಲು ನಾನು ಬರೆದ ನಕ್ಷೆಯೇ ಬೇರೆ ಇತ್ತು: ಎತ್ತರದ ಹಾಸುಬಂಡೆಯ ಮೇಲೆ, ಕೆಳಗಿನ ಭತ್ತದ ಗದ್ದೆಗಳೆಲ್ಲ ಕಾಣುವಂತೆ ಒಂದು ಉದ್ದನೆಯ ಗಾಜಿನ ಪಡಸಾಲೆ. ಆ ನಕ್ಷೆಯನ್ನು ಹಿಡಿದುಕೊಂಡು ಒಂದು ಸೆಪ್ಟೆಂಬರಿನಲ್ಲಿ ಜಾಗಕ್ಕೆ ಹೋದಾಗ ಮಳೆ ಹಿಡಿಯಿತು. ನಮ್ಮ ಭಾಗದಲ್ಲಿ ವರ್ಷಕ್ಕೆ ಬೀಳುವುದೇ 500ರಿಂದ 600 ಮಿಲಿಮೀಟರ್ ಆಸುಪಾಸು, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್ ಮುಂದುಹಿಂದಿನ ಕೆಲವೇ ಮಳೆಗಳಲ್ಲಿ ಸುರಿದುಹೋಗುತ್ತದೆ. ಮಣ್ಣಿನ ಮೇಲೆ ಬಿದ್ದ ಮಳೆ ಇಂಗುತ್ತದೆ. ಬೋಳು ಬಂಡೆಯ ಮೇಲೆ ಬಿದ್ದದ್ದು ಹೆಚ್ಚುಕಡಿಮೆ ಅಷ್ಟೂ ಹರಿಯುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಮನೆಯ ಮೇಲ್ಗಡೆ 400 ಚದರ ಮೀಟರಿನಷ್ಟು ಹಾಸುಬಂಡೆ ಇದ್ದು ಒಂದೇ ಸಂಜೆ 50 ಮಿಲಿಮೀಟರ್ ಬಿದ್ದರೆ, 20,000 ಲೀಟರ್ ನೀರು, ಅಂದರೆ ನಾಲ್ಕು ಟ್ಯಾಂಕರ್‌ಗಳಷ್ಟು, ಕೆಳಗಿನ ಒಂದು ಸಂದಿನಲ್ಲಿ ನುಗ್ಗಬೇಕು. ಗುಂಡುಗಳ ನಡುವೆ ಸಮತಟ್ಟಾಗಿ, ಮೆತ್ತಗೆ ಮಣ್ಣು ಕೂತು, ‘ಮನೆಗೆ ಹೇಳಿ ಮಾಡಿಸಿದ ಜಾಗ’ ಎಂದು ಎಲ್ಲರೂ ತೋರಿಸುತ್ತಿದ್ದ ಸ್ಥಳ ಆ ಸಂದೇ ಆಗಿತ್ತು. ಅಲ್ಲಿಗೆ ಆ ಮಣ್ಣನ್ನು ತಂದು ಹಾಕಿದ್ದೇ ನೀರು ಎಂಬುದು ಅಂದು ಕೊಡೆ ಹಿಡಿದು ನಿಂತಾಗ ಕಣ್ಣಿಗೆ ಕಂಡಿತು.

ಮುಂದಿನ ಎರಡು ಮಳೆಗಳಲ್ಲಿ ನಾವು ನೀರಿನ ಹಾದಿಯನ್ನು ಗುರುತು ಮಾಡಿಕೊಂಡೆವು. ಸುಣ್ಣದ ಗುರುತು ನಿಲ್ಲಲಿಲ್ಲ. ಮಳೆ ನಿಂತ ಮೇಲೆ, ಒದ್ದೆಯ ಗೆರೆ ಆರುವ ಮೊದಲು, ಹಳದಿ ಆಯಿಲ್ ಪೇಂಟಿನಿಂದ ಬೊಟ್ಟು ಇಟ್ಟುಕೊಂಡು ಹೋದೆವು. ಬಿಸಿಲಿಗೆ ಬಂಡೆ ಒಣಗಿದ ಮೇಲೆ ನೋಡಿದರೆ ಆ ಬೊಟ್ಟುಗಳು ಎರಡು ಬಾಗಿದ ಸಾಲುಗಳಾಗಿದ್ದವು. ಮನೆ ಆ ಎರಡು ಸಾಲುಗಳ ನಡುವೆ ಕೂತಿದೆ. ಪಶ್ಚಿಮದ ಗೋಡೆ ಎಲ್ಲಿ ಬಾಗಿದೆಯೋ ಅಲ್ಲಿ ಹೊರಗಡೆ ನೀರು ಬಾಗುತ್ತದೆ. ಅಡುಗೆಮನೆ ಎಲ್ಲಿ ಸಣ್ಣದಾಗಿದೆಯೋ ಅಲ್ಲಿ ಎರಡು ಹಾದಿಗಳು ಹತ್ತಿರ ಬರುತ್ತವೆ. ಪತ್ರಿಕೆಯವರೊಬ್ಬರು ಬಂದು ಆ ಬಾಗು ‘ಗುಡ್ಡದ ಅಂಚಿನ ಪ್ರತಿಧ್ವನಿ’ಯೇ ಎಂದು ಕೇಳಿದ್ದರು. ಕೇಳಲು ಚೆನ್ನಾಗಿದೆ, ಆದರೆ ಅದು ಚರಂಡಿಯ ಅಂಚು.

ಈ ಗುಂಡುಗಳು ಎಲ್ಲಿಂದ ಬಂದವು? ಉರುಳಿ ಬೀಳುವ ಭಯವಿಲ್ಲವೇ?

ವಾಲಿ–ಸುಗ್ರೀವರ ಕಾಳಗದಲ್ಲಿ ಎಸೆದಾಡಿದ ಬಂಡೆಗಳಿವು ಎಂದು ಕೇಳುತ್ತಲೇ ಬೆಳೆದವನು ನಾನು. ಆನೆಗೊಂದಿಯ ಸುತ್ತ ಬೆಳೆದ ಯಾರಿಗೂ ಅದು ಮನಸ್ಸಿನಿಂದ ಪೂರ್ತಿ ಹೋಗುವುದಿಲ್ಲ. ಭೂವಿಜ್ಞಾನದ ಪ್ರಕಾರ ಇದು ಕ್ಲೋಸ್‌ಪೇಟ್ ಗ್ರಾನೈಟ್, ರಾಮನಗರದ ಹಳೆಯ ಹೆಸರನ್ನು ಹೊತ್ತ ಶಿಲೆ. ಅಲ್ಲಿಂದ ಉತ್ತರಕ್ಕೆ ಉದ್ದನೆಯ ಪಟ್ಟಿಯಾಗಿ ನಮ್ಮ ಕಡೆಗೆ ಬಂದಿದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಗುಂಡುಗಳು ಎಲ್ಲಿಂದಲೋ ಉರುಳಿ ಬಂದವಲ್ಲ, ಹೆಚ್ಚಿನವು ಇದ್ದಲ್ಲೇ ಆದವು. ನೆಲದೊಳಗಿದ್ದಾಗಲೇ ಶಿಲೆಯಲ್ಲಿ ಅಡ್ಡ ಉದ್ದ ಬಿರುಕುಗಳೆದ್ದು, ಆ ಬಿರುಕುಗಳಿಗೆ ಇಳಿದ ನೀರು ಅಂಚುಗಳನ್ನು ಕೊಳೆಸಿ ಮಣ್ಣು ಮಾಡಿತು. ಮೂಲೆಗೆ ಎರಡು ಮೂರು ಕಡೆಯಿಂದ ನೀರು ತಗಲುವುದರಿಂದ ಮೂಲೆಗಳೇ ಮೊದಲು ಸವೆದು ಚೌಕದ ತುಂಡುಗಳು ದುಂಡಗಾದವು. ಆಮೇಲೆ ಸುತ್ತಲಿನ ಮಣ್ಣು ತೊಳೆದುಹೋಗಿ ಗುಂಡುಗಳು ಹೊರಬಿದ್ದವು. ಆದ್ದರಿಂದಲೇ ಒಂದರ ಮೇಲೊಂದು ಇಟ್ಟಂತೆ ಕಾಣುವ ಗುಂಡುಗಳು ಅಷ್ಟು ಭದ್ರವಾಗಿ ಕೂತಿರುತ್ತವೆ. ಪಾಲ್ಕಿಗುಂಡಿನಲ್ಲಿ ಎರಡು ಗುಂಡುಗಳ ಮೇಲೆ ಛತ್ರಿಯಂತೆ ಹಾಸಿಕೊಂಡಿರುವ ಬಂಡೆಯ ಕೆಳಗೆ ಅಶೋಕನ ಶಾಸನವಿದೆ.

ಹಾಗೆಂದು ಎಲ್ಲ ಗುಂಡುಗಳನ್ನೂ ನಂಬಬಾರದು. ಗುಂಡು ಬಂಡೆಯ ಮೇಲೆ ಕೂತಿದೆಯೋ ಮಣ್ಣಿನ ಮೇಲೆ ಕೂತಿದೆಯೋ ಎಂಬುದು ಮೊದಲ ಪ್ರಶ್ನೆ. ಮಣ್ಣಿನ ಮೇಲಿದ್ದರೆ, ಆ ಮಣ್ಣನ್ನು ನಮ್ಮ ಕೆಲಸ ಸಡಿಲ ಮಾಡುತ್ತದೆಯೋ ಎಂಬುದು ಎರಡನೆಯದು. ಬುಡದಲ್ಲಿ ಸಿಕ್ಕಿಕೊಂಡಿರುವ ಸಣ್ಣ ಕಲ್ಲುಗಳನ್ನು ‘ಕಸ’ ಎಂದು ಜೆಸಿಬಿಯವರು ಮೊದಲ ದಿನವೇ ಎಳೆದುಹಾಕುತ್ತಾರೆ. ಎಷ್ಟೋ ಸಲ ಮೇಲಿನ ಗುಂಡನ್ನು ಹಿಡಿದು ನಿಲ್ಲಿಸಿರುವುದು ಅವೇ ಆಗಿರುತ್ತವೆ. ನಮ್ಮ ಮನೆಯ ಮೇಲ್ಗಡೆ ಬಿರುಕಿರುವ ಒಂದು ಗುಂಡಿಗೆ ನಾವು ಗಾಜಿನ ಪಟ್ಟಿ ಹಚ್ಚಿದ್ದೇವೆ: ಬಿರುಕಿನ ಎರಡೂ ಬದಿಗೆ ಸಿಮೆಂಟಿನಿಂದ ಅಂಟಿಸಿದ ತೆಳು ಗಾಜು, ಪಕ್ಕದಲ್ಲಿ ತಾರೀಖು. ಬಿರುಕು ಕೂದಲೆಳೆಯಷ್ಟು ಅಗಲವಾದರೂ ಗಾಜು ಒಡೆಯಬೇಕು. ಪ್ರತಿ ಯುಗಾದಿಗೆ ಹೋಗಿ ನೋಡುತ್ತೇವೆ. ಇಷ್ಟೆಲ್ಲ ಮಾಡುವ ಮುನ್ನ ಶಿಲೆಯನ್ನು ಬಲ್ಲ ಎಂಜಿನಿಯರ್ ಒಬ್ಬರಿಗೆ ಜಾಗ ತೋರಿಸಬೇಕು. ಆ ಖರ್ಚನ್ನು ಉಳಿಸಲು ಹೋಗಬೇಡಿ.

ಗುಂಡುಗಳನ್ನು ಒಡೆಸಿ ಜಾಗ ಸಮ ಮಾಡಿಕೊಂಡಿದ್ದರೆ ಸುಲಭವಾಗುತ್ತಿರಲಿಲ್ಲವೇ?

ಸುಲಭವಾಗುತ್ತಿತ್ತು, ಒಡೆದ ಕಲ್ಲನ್ನು ಸೈಜುಗಲ್ಲಾಗಿ ಮಾರಲೂಬಹುದಿತ್ತು ಎಂದು ಒಂದಿಬ್ಬರು ಲೆಕ್ಕವನ್ನೂ ಹಾಕಿ ಕೊಟ್ಟರು. ಸಿಡಿಮದ್ದು ಬಳಸುವುದಕ್ಕೂ ಕಲ್ಲು ಸಾಗಿಸುವುದಕ್ಕೂ ಅನುಮತಿ ಬೇಕೆಂಬುದು ಒಂದು ಮಾತು. ಸಿಡಿಸಿದಾಗ ಒಡೆಯಬೇಕಾದ ಗುಂಡಿನ ಜತೆಗೆ ಉಳಿಯಬೇಕಾದ ಗುಂಡಿಗೂ ಒಳಬಿರುಕು ಬೀಳುತ್ತದೆ ಎಂಬುದು ಅದಕ್ಕಿಂತ ದೊಡ್ಡ ಮಾತು. ನಾವು ಒಡೆಸಿದ್ದು ಒಂದೇ ಗುಂಡನ್ನು, ಅದೂ ಬೆಣೆ ಹಾಕಿ: ಸಾಲಾಗಿ ಕುಳಿ ಕೊರೆದು, ಕಬ್ಬಿಣದ ಬೆಣೆ ಇಟ್ಟು, ಒಂದಾದ ಮೇಲೊಂದಕ್ಕೆ ಸುತ್ತಿಗೆಯ ಪೆಟ್ಟು ಕೊಡುತ್ತ ಹೋದರೆ, ಪೆಟ್ಟಿನ ಸದ್ದು ಇದ್ದಕ್ಕಿದ್ದಂತೆ ಮಂದವಾಗುತ್ತದೆ, ಆಗ ಕಲ್ಲು ಸೀಳಿತೆಂದು ಅರ್ಥ. ಅಂತಹ ಕುಳಿಗಳ ಸಾಲು ಆನೆಗೊಂದಿ, ಹಂಪಿಯ ಕಡೆ ಎಷ್ಟೋ ಗುಂಡುಗಳ ಮೇಲೆ ಇವತ್ತಿಗೂ ಕಾಣುತ್ತದೆ. ರಾಯಚೂರಿನ ಕೋಟೆಯಲ್ಲಿ 1294ರ ಶಾಸನವಿರುವ, 40 ಅಡಿಗೂ ಉದ್ದದ ಚಪ್ಪಡಿಯನ್ನು ನೋಡಿದವರಿಗೆ ಈ ವಿದ್ಯೆ ಎಷ್ಟು ದೂರ ಹೋಗಬಲ್ಲದು ಎಂದು ಬಿಡಿಸಿ ಹೇಳಬೇಕಿಲ್ಲ. ಅದನ್ನು ಸಾಗಿಸಿದ ಬಗೆಯನ್ನೂ ಅಲ್ಲಿಯ ಗೋಡೆಯ ಮೇಲೆ ಗೀಚಿಟ್ಟಿದ್ದಾರೆ.

ನಮಗೆ ಪಾಠವಾದದ್ದು ಆನೆಗೊಂದಿಯ ಕೋಟೆಗೋಡೆ. ಅದು ಗುಂಡಿನ ತನಕ ಬಂದು ನಿಲ್ಲುತ್ತದೆ. ಮುಂದಿನ ಅಷ್ಟು ದೂರ ಗುಂಡೇ ಗೋಡೆ. ಗುಂಡು ಮುಗಿದಲ್ಲಿ ಕಟ್ಟಡ ಮತ್ತೆ ಶುರುವಾಗುತ್ತದೆ. ನಮ್ಮ ಮಲಗುವ ಕೋಣೆಯ ಉತ್ತರದ ಬದಿ ಹಾಗೆಯೇ ಇದೆ.

ಅಡಿಪಾಯದ ಬಗ್ಗೆ ಒಂದು ಎಚ್ಚರಿಕೆ. ಪೂರ್ತಿ ಬಂಡೆಯ ಮೇಲೆ ನಿಂತ ಮನೆಗೆ ಚಿಂತೆಯಿಲ್ಲ, ಪೂರ್ತಿ ಮಣ್ಣಿನ ಮೇಲೆ ನಿಂತದ್ದಕ್ಕೂ ದಾರಿ ಇದೆ. ಒಂದು ಕಾಲು ಬಂಡೆಯ ಮೇಲೆ, ಇನ್ನೊಂದು ಕಾಲು ಮಣ್ಣಿನ ಮೇಲೆ ಇಟ್ಟ ಮನೆ ಮಾತ್ರ ಸೀಳುತ್ತದೆ, ಏಕೆಂದರೆ ಬಂಡೆ ಕುಸಿಯುವುದಿಲ್ಲ, ಮಣ್ಣು ಅಷ್ಟಿಷ್ಟು ಕುಸಿಯದೆ ಬಿಡುವುದಿಲ್ಲ. ಸಾಧ್ಯವಿದ್ದ ಕಡೆಯೆಲ್ಲ ಕಂಬಗಳನ್ನು ಬಂಡೆಗೇ ಇಳಿಸಿ, ಬಂಡೆಯಲ್ಲಿ ತೂತು ಕೊರೆದು ಕಬ್ಬಿಣದ ರಾಡು ನೆಟ್ಟು ಗ್ರೌಟ್ (ತೆಳುವಾದ ಗಾರೆ) ತುಂಬಿದ್ದೇವೆ. ಅದು ಆಗದ ಕಡೆ ಬಂಡೆಯ ಮೇಲಿನ ಭಾಗಕ್ಕೂ ಮಣ್ಣಿನ ಮೇಲಿನ ಭಾಗಕ್ಕೂ ನಡುವೆ ಸಂದು ಬಿಟ್ಟು ಬೇರೆ ಬೇರೆ ಕಟ್ಟಿದ್ದೇವೆ.

ಗುಂಡು ಮನೆಯೊಳಗೆ ಬಂದಿರುವ ಕಡೆ ಸೋರುವುದಿಲ್ಲವೇ?

ಸೋರಿತು. ಇದನ್ನು ಮುಚ್ಚಿಡುವುದರಿಂದ ಯಾರಿಗೂ ಉಪಕಾರವಿಲ್ಲ.

ಗೋಡೆ ಗುಂಡನ್ನು ಕೂಡುವ ಜಾಗದಲ್ಲಿ ಗುತ್ತಿಗೆದಾರರ ಕಡೆಯವರು ಸಿಮೆಂಟ್ ಗಾರೆ ತುಂಬಿ, ಮೇಲೆ ನುಣ್ಣಗೆ ತಿಕ್ಕಿ, ಬಣ್ಣವನ್ನೂ ಹೊಂದಿಸಿ ಕೊಟ್ಟರು. ನೋಡಲು ಚೆಂದವಿತ್ತು, ನಾನೂ ಒಪ್ಪಿ ಬಿಲ್ಲಿಗೆ ಸಹಿ ಹಾಕಿದೆ. ಏಪ್ರಿಲ್ ಹೊತ್ತಿಗೆ ಆ ಗಾರೆಯ ಉದ್ದಕ್ಕೂ ಒಂದು ಕೂದಲ ಬಿರುಕು ಕಾಣಿಸಿತು. ಕಾರಣ ಸರಳವಾದದ್ದು, ಲೆಕ್ಕಕ್ಕೂ ಸಿಗುವಂಥದ್ದು: ಆರು ಮೀಟರ್ ಉದ್ದದ ಕಾಂಕ್ರೀಟ್ ಗೋಡೆಯ ಬಿಸಿ 30 ಡಿಗ್ರಿಯಷ್ಟು ಏರಿಳಿದರೆ ಅದರ ಉದ್ದ ಸುಮಾರು 1.8 ಮಿಲಿಮೀಟರ್ ಹೆಚ್ಚುಕಡಿಮೆಯಾಗುತ್ತದೆ. ಗುಂಡಾದರೋ ಮೇಲ್ಮೈಯಲ್ಲಿ ಮಾತ್ರ ಕಾಯುತ್ತದೆ, ಅದರ ಹೊಟ್ಟೆಗೆ ಆ ಬಿಸಿಯ ಸುದ್ದಿಯೇ ಮುಟ್ಟುವುದಿಲ್ಲ. ಒಂದು ಕದಲುತ್ತದೆ, ಇನ್ನೊಂದು ಕದಲುವುದಿಲ್ಲ. ನಡುವಿನ ಗಾರೆ ಹರಿಯಲೇಬೇಕು. ಜೂನಿನ ಎರಡನೆಯ ಮಳೆಗೆ ಪುಸ್ತಕದ ಕಪಾಟಿನ ಹಿಂದೆ ನೀರಿಳಿಯಿತು.

ಎರಡನೆಯ ಸಲ ಗಾರೆಯನ್ನೆಲ್ಲ ಕಿತ್ತು, ಬೆರಳು ಅಗಲದ ಸಂದು ಬಿಟ್ಟು, ಒಳಗೆ ರಬ್ಬರಿನಂತೆ ಹಿಗ್ಗಿ ಕುಗ್ಗುವ ಸೀಲಂಟ್ ತುಂಬಿದೆವು. ಸೋರುವುದು ಕಡಿಮೆಯಾಯಿತು, ಆದರೆ ನಿಲ್ಲಲಿಲ್ಲ. ಆಗ ಕಲ್ಲು ಕೆಲಸಕ್ಕೆ ಬಂದಿದ್ದ ಒಬ್ಬ ವಯಸ್ಸಾದ ಕಲ್ಲುಕುಟಿಗರು ಸಂದನ್ನು ನೋಡದೆ, ಗುಂಡು ಮನೆಯ ಮೇಲೆ ಬಾಗಿರುವ ಹೊಟ್ಟೆಯ ಕೆಳಗೆ ಅಂಗೈ ಆಡಿಸಿ ನೋಡಿದರು. ಅಲ್ಲಿ ತೇವವಿತ್ತು. ಮೇಲಿನಿಂದ ಬಂದ ನೀರು ಅಂಚಿನಲ್ಲಿ ಬೀಳದೆ, ಕಲ್ಲಿಗೇ ಅಂಟಿಕೊಂಡು, ಹೊಟ್ಟೆಯ ಅಡಿಯಲ್ಲೇ ಹರಿದು ನೇರವಾಗಿ ಸಂದಿಗೆ ಬರುತ್ತಿತ್ತು. ಅವರು ಗುಂಡಿನ ಹಣೆಯ ಉದ್ದಕ್ಕೆ, ಹೊರಗಡೆ, ಬೆರಳು ಹಿಡಿಯುವಷ್ಟು ಆಳದ ಒಂದು ಗೆರೆ ಕೊರೆದರು. ಕೆಳಮುಖವಾಗಿ ಹರಿಯುವ ನೀರು ಆ ಗೆರೆಯನ್ನು ದಾಟಲಾರದೆ ಅಲ್ಲೇ ಹನಿಹನಿಯಾಗಿ ಉದುರುತ್ತದೆ. ಎರಡೂವರೆ ದಿನದ ಕೆಲಸ. ಅಂದಿನಿಂದ ಒಳಗೆ ಒಂದು ಹನಿಯೂ ಬಂದಿಲ್ಲ. ಶ್ರೀಲಂಕಾದ ದಂಬುಲ್ಲದ ಗುಹಾಲಯಗಳ ಹಣೆಯ ಮೇಲೂ ಇದೇ ಗೆರೆ ಇದೆ ಎಂದು ಓದಿ ತಿಳಿದವನು ನಾನು. ಓದಿದ್ದು ಹೊತ್ತಿಗೆ ನೆನಪಾಗಲಿಲ್ಲ, ಅವರಿಗೆ ಓದದೆಯೇ ಗೊತ್ತಿತ್ತು.

ನಮ್ಮ ಬಿಸಿಲಿಗೆ ಕಲ್ಲು ಕಾಂಕ್ರೀಟಿನ ಮನೆ ಕುಲುಮೆಯಾಗುವುದಿಲ್ಲವೇ?

ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಇದ್ದವರು ಕೇಳಲೇಬೇಕಾದ ಪ್ರಶ್ನೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ನಮಗೆ ಸುದ್ದಿಯಲ್ಲ. ದಪ್ಪ ಕಲ್ಲುಗೋಡೆ ತಂಪು ಎಂಬ ಮಾತು ಅರ್ಧ ನಿಜ. ಒಂದೂವರೆ ಅಡಿಯ ಗೋಡೆ ಹಗಲಿನ ಬಿಸಿಯನ್ನು ತಡೆಯುತ್ತದೆ ಎನ್ನುವುದಕ್ಕಿಂತ ತಡಮಾಡುತ್ತದೆ ಎನ್ನಬೇಕು. ಹೊರಗಿನ ಮಧ್ಯಾಹ್ನ ಒಳಮೈಗೆ ಬರಲು ಹತ್ತು ಹನ್ನೆರಡು ತಾಸು ಬೇಕು, ಅಂದರೆ ನಡುರಾತ್ರಿಗೆ. ಹಳೆಯ ಮಾಳಿಗೆ ಮನೆಗಳಲ್ಲಿ ಹಗಲು ಪಡಸಾಲೆ ತಂಪಾಗಿದ್ದು, ರಾತ್ರಿ ಎಲ್ಲರೂ ಹಾಸಿಗೆ ಎತ್ತಿಕೊಂಡು ಮಾಳಿಗೆ ಹತ್ತುತ್ತಿದ್ದುದು ಇದೇ ಕಾರಣಕ್ಕೆ. ಆ ಬಿಸಿಯನ್ನು ರಾತ್ರಿ ಹೊರಗೆ ಕಳಿಸುವ ಏರ್ಪಾಡು ಇಲ್ಲದಿದ್ದರೆ ಕಲ್ಲುಮನೆ ಮೂರನೆಯ ದಿನಕ್ಕೆ ಕುಲುಮೆಯೇ. ನಾವು ಕೆಳಗೆ ತಗ್ಗಿನಲ್ಲಿ ಸಣ್ಣ ಕಿಂಡಿಗಳನ್ನೂ, ಸೂರಿನ ಎತ್ತರದ ತುದಿಯಲ್ಲಿ ಬೆಳಕಿಂಡಿಯಂತಹ ದೊಡ್ಡ ತೆರಪನ್ನೂ ಇಟ್ಟು, ಸಂಜೆ ಏಳರಿಂದ ಬೆಳಗಿನ ಏಳರವರೆಗೆ ತೆರೆದಿಡುತ್ತೇವೆ; ಹಗಲು ಪೂರ್ತಿ ಮುಚ್ಚುತ್ತೇವೆ. ಗುಂಡೂ ಹೀಗೆಯೇ ವರ್ತಿಸುತ್ತದೆ: ಬಿಸಿಲಿಗೆ ಬಿದ್ದ ಭಾಗ ರಾತ್ರಿ ಎಂಟಕ್ಕೂ ಒಲೆಯ ಪಕ್ಕದಂತಿರುತ್ತದೆ, ನೆರಳಿನ ಹೊಟ್ಟೆಯ ಭಾಗ ಮೇ ತಿಂಗಳಲ್ಲೂ ಬೆನ್ನಿಗೆ ಹಿತ. ಮನೆಯೊಳಗೆ ನಾವು ತಂದುಕೊಂಡಿರುವುದು ನೆರಳಿನ ಹೊಟ್ಟೆಯನ್ನು.

ಸೂರ್ಯನ ವಿಷಯದಲ್ಲಿ ಒಂದು ಸಂಗತಿಯನ್ನು ಅನೇಕರು, ಕೆಲವು ವಿನ್ಯಾಸಕಾರರೂ ಸೇರಿ, ಮರೆಯುತ್ತಾರೆ. ನಾವಿರುವುದು ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಲ್ಲಿ ಒಮ್ಮೆ, ಆಗಸ್ಟ್ ಎರಡನೆಯ ವಾರದಲ್ಲಿ ಇನ್ನೊಮ್ಮೆ ನಡುಹಗಲ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ನಡುವಿನ ಮೂರು ತಿಂಗಳು ಅವನಿರುವುದು ಉತ್ತರಕ್ಕೆ. ‘ಉತ್ತರದ ಕಿಟಕಿಗೆ ಬಿಸಿಲಿಲ್ಲ’ ಎಂಬ ಪುಸ್ತಕದ ಮಾತನ್ನು ನಂಬಿ ಉತ್ತರಕ್ಕೆ ಗಾಜಿನ ಗೋಡೆ ಕಟ್ಟಿದವರು ಬೇಸಿಗೆಯಲ್ಲೇ ಪರದೆ ಹುಡುಕುತ್ತಾರೆ. ನೆತ್ತಿಯ ಸೂರ್ಯನಿಗೆ ಸಣ್ಣ ಸಜ್ಜಾ ಸಾಕು. ಪಶ್ಚಿಮದ ಇಳಿಬಿಸಿಲಿಗೆ ಸಜ್ಜಾ ಏನೂ ಮಾಡಲಾರದು. ಆ ಬದಿಗೆ ನಾವು ಕಿಟಕಿಯನ್ನೇ ಇಟ್ಟಿಲ್ಲ, ಸಂಜೆ ನಾಲ್ಕರ ನಂತರ ಅಲ್ಲಿಯ ದೊಡ್ಡ ಗುಂಡಿನ ನೆರಳು ಗೋಡೆಯ ಮೇಲೆ ಬೀಳುವಂತೆ ಮನೆಯನ್ನು ಕೂರಿಸಿದ್ದೇವೆ. ಆಷಾಢದ ಗಾಳಿಯೂ ಆ ಕಡೆಯಿಂದಲೇ ಬರುತ್ತದೆ. ಗುಂಡು ಅದರ ಧೂಳನ್ನೂ ಅರ್ಧಕ್ಕರ್ಧ ತಡೆಯುತ್ತದೆ.

ವಾಸ್ತು ನೋಡಿದ್ದೀರಾ?

ಅವ್ವ ನೋಡಿಸಿದಳು. ಮೂಲೆಯೇ ಇಲ್ಲದ ಮನೆಯಲ್ಲಿ ಈಶಾನ್ಯ ಮೂಲೆಯನ್ನು ಹುಡುಕಲು ಬಂದವರಿಗೆ ಒಂದು ಬೆಳಗು ಪೂರ್ತಿ ಹಿಡಿಯಿತು. ಕೊನೆಗೆ ಪೂರ್ವದ ಬಾಗಿಲು, ಈಶಾನ್ಯದ ತಗ್ಗಿನಲ್ಲಿ ನೀರಿನ ತೊಟ್ಟಿ, ನೈಋತ್ಯದಲ್ಲಿ ಎಲ್ಲಕ್ಕಿಂತ ಭಾರವಾದ ಗುಂಡು, ಇವು ಮೂರೂ ಇದ್ದಲ್ಲೇ ಸರಿಯಾಗಿವೆ ಎಂದು ಹೇಳಿ ಹೋದರು. ನೀರು ಅಲ್ಲಿಗೆ ಇಳಿಯುತ್ತದೆ, ಗುಂಡು ಮೊದಲಿನಿಂದಲೂ ಅಲ್ಲಿದೆ. ಅವ್ವನಿಗೆ ಸಮಾಧಾನವಾಯಿತು, ನನಗೆ ನಕ್ಷೆ ತಿದ್ದುವ ಕೆಲಸ ತಪ್ಪಿತು.

ಹೊರದೇಶದ ಯಾವುದಾದರೂ ಮನೆಯನ್ನು ಮಾದರಿಯಾಗಿ ಇಟ್ಟುಕೊಂಡಿದ್ದೀರಾ?

ನಕಲಿಗೆಂದು ಇಟ್ಟುಕೊಳ್ಳಲಿಲ್ಲ, ಬುದ್ಧಿಗೆಂದು ಓದಿದ್ದು ಕೆಲವಿದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1935ರಲ್ಲಿ ವಿನ್ಯಾಸ ಮಾಡಿದ ‘ಫಾಲಿಂಗ್‌ವಾಟರ್’ ಮನೆಯ ಚಿತ್ರವನ್ನು ನೋಡದ ವಾಸ್ತುಶಿಲ್ಪದ ವಿದ್ಯಾರ್ಥಿ ಇರಲಾರರು. ಜಲಪಾತದ ಎದುರು ಕೂತು ನೋಡುವ ಮನೆಯ ಬದಲು ಜಲಪಾತದ ಮೇಲೆಯೇ ಮನೆ ಕಟ್ಟಿ, ಅಲ್ಲಿದ್ದ ಬಂಡೆಯ ನೆತ್ತಿಯನ್ನು ಹಾಗೆಯೇ ಬಿಟ್ಟು ಅದನ್ನೇ ಅಗ್ಗಿಷ್ಟಿಕೆಯ ಮುಂದಿನ ನೆಲ ಮಾಡಿದರು. ಅದೇ ಮನೆಯ ಮುಂಚಾಚುಗಳು ಕಾಲಕ್ರಮದಲ್ಲಿ ಬಾಗಿ, 2002ರಲ್ಲಿ ಉಕ್ಕಿನ ಹಗ್ಗಗಳನ್ನು ಬಿಗಿದು ಭದ್ರಪಡಿಸಬೇಕಾಯಿತು ಎಂಬುದನ್ನು ಚಿತ್ರದ ಜತೆಗೇ ಹೇಳಿಕೊಡಬೇಕು. ನಮ್ಮ ನೆಲಕ್ಕೆ ಹತ್ತಿರವಾದವು ಕ್ಯಾಲಿಫೋರ್ನಿಯಾದ ಪಾಮ್ ಸ್ಪ್ರಿಂಗ್ಸಿನ ಮನೆಗಳು. ಅಲ್ಲಿಯೂ ಬೋಳು ಗುಡ್ಡ, ಒಣ ಬಿಸಿಲು. ವಾಸ್ತುಶಿಲ್ಪಿ ಜಾನ್ ಲಾಟ್ನರ್ 1968ರಲ್ಲಿ ಮುಗಿಸಿದ ಎಲ್ರಾಡ್ ಮನೆಯಲ್ಲಿ ಗುಡ್ಡದ ಬಂಡೆಗಳು ಪಡಸಾಲೆಯೊಳಗೇ ನಿಂತಿವೆ, ಮೇಲೆ ಕಾಂಕ್ರೀಟಿನ ದೊಡ್ಡ ಗುಮ್ಮಟ. ಅಲ್ಲಿಯೇ ಇನ್ನೊಬ್ಬ ವಾಸ್ತುಶಿಲ್ಪಿ ಆಲ್ಬರ್ಟ್ ಫ್ರೇ ತನಗಾಗಿ ಕಟ್ಟಿಕೊಂಡ ಸಣ್ಣ ಮನೆಯಲ್ಲಿ ಒಂದೇ ಬಂಡೆ, ಮಲಗುವ ಜಾಗಕ್ಕೂ ಕೂರುವ ಜಾಗಕ್ಕೂ ನಡುವೆ. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು. ಗುಮ್ಮಟದ ಕೆಳಗೆ ಬಂಡೆ ಅತಿಥಿಯಾಗಿಬಿಡುತ್ತದೆ.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಮನೆಯಲ್ಲ, ಹೋಟೆಲು. ಶ್ರೀಲಂಕಾದ ವಾಸ್ತುಶಿಲ್ಪಿ ಜೆಫ್ರಿ ಬಾವಾ ಅವರಿಗೆ ಅಲ್ಲಿಯ ಸಿಗಿರಿಯ ಬಂಡೆಯ ಹತ್ತಿರವೇ ಹೋಟೆಲು ಕಟ್ಟಲು ಕೇಳಿದಾಗ, ಅವರು ಅದನ್ನು ಬಿಟ್ಟು, ಕೆರೆಯಾಚೆ ದೂರದಲ್ಲಿ ಸಿಗಿರಿಯ ಕಾಣುವಂತಹ ಕಂಡಲಮದ ಜಾಗವನ್ನು ಆರಿಸಿದರು. 1994ರಲ್ಲಿ ತೆರೆದ ಆ ಕಟ್ಟಡ ಬಂಡೆಯನ್ನು ಬಳಸಿಕೊಂಡು ಉದ್ದಕ್ಕೆ ಮಲಗಿದೆ, ಈಗ ಅದರ ಮುಖವನ್ನು ಬಳ್ಳಿಗಳು ಮುಚ್ಚಿವೆ.

ಹಾಗಾದರೆ ಆನೆಗೊಂದಿ, ಸಣಾಪುರದ ಕಡೆ ಇಂತಹ ಮನೆ ಕಟ್ಟಬಹುದೇ?

ಮೊದಲು ಕಾಗದಪತ್ರ ನೋಡಿ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿ ಹೊಳೆ ದಾಟಿ ಕೊಪ್ಪಳ ಜಿಲ್ಲೆಯ ಹಳ್ಳಿಗಳಿಗೂ ಬರುತ್ತದೆ, ಅಲ್ಲಿ ಅದರ ಅನುಮತಿ ಇಲ್ಲದೆ ಕಟ್ಟುವಂತಿಲ್ಲ. ಹಂಪಿಯೆದುರಿನ ವಿರೂಪಾಪುರಗಡ್ಡೆಯ ರೆಸಾರ್ಟುಗಳನ್ನು ತೆರವುಗೊಳಿಸಲು 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಎಲ್ಲರಿಗೂ ನೆನಪಿರಬೇಕು. ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಇವೆರಡೂ ಇಲ್ಲದ ಕಡೆಯೂ ಹೊಲದಲ್ಲಿ ಮನೆ ಕಟ್ಟಲು 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಭೂಪರಿವರ್ತನೆಯ ಪ್ರಶ್ನೆ ಬರುತ್ತದೆ. ಕಾನೂನನ್ನು ಬದಿಗಿಟ್ಟು ಕೇಳಿದರೆ ನನ್ನ ಉತ್ತರ ಬಾವಾ ಅವರದೇ: ಅಂಜನಾದ್ರಿ ಕಾಣುವಂತೆ ದೂರದಲ್ಲಿ ಕಟ್ಟಿ, ಅಂಜನಾದ್ರಿಯ ನೋಟದಲ್ಲಿ ನಿಮ್ಮ ಟಾಕಿ ಕಾಣದಿರಲಿ.

ಬಂಡೆಯ ಮೇಲೆ ಇಂಗುಗುಂಡಿ ಎಲ್ಲಿ ತೋಡಿದಿರಿ?

ತೋಡಲಾಗಲಿಲ್ಲ. ಸೆಪ್ಟಿಕ್ ಟ್ಯಾಂಕಿನಿಂದ ಬರುವ ನೀರು ಪೈಪಿನಲ್ಲಿ ಕೆಳಗೆ, ಮಣ್ಣಿರುವ ಕಡೆ ಇಳಿದು, ಜಲ್ಲಿ ತುಂಬಿದ ಪಾತಿಯಲ್ಲಿ ಬಾಳೆ ಮತ್ತು ಕಾಬಾಳೆಯ ಬೇರಿಗೆ ಹೋಗುತ್ತದೆ. ಬಂಡೆಯ ಬಿರುಕಿಗೆ ಕೊಳೆನೀರು ಬಿಟ್ಟರೆ ಅದು ಯಾರ ಕೊಳವೆಬಾವಿಯಲ್ಲಿ ಮೇಲೆದ್ದೀತೆಂದು ಹೇಳಲು ಬರುವುದಿಲ್ಲ. ನಕ್ಷೆಯಲ್ಲಿ ಮೊದಲು ಗುರುತಿಸಬೇಕಾದ ಜಾಗ ಇದು. ಎಲ್ಲರೂ ಕೊನೆಗೆ ಗುರುತಿಸುತ್ತಾರೆ.

ಗ್ರಾನೈಟಿನಿಂದ ವಿಕಿರಣ ಬರುತ್ತದೆಯಂತೆ, ನಿಜವೇ?

ಗ್ರಾನೈಟಿನಲ್ಲಿ ಯುರೇನಿಯಂ ಮತ್ತು ಥೋರಿಯಂ ಅಲ್ಪ ಪ್ರಮಾಣದಲ್ಲಿ ಇರುತ್ತವೆ, ಅವುಗಳಿಂದ ರೇಡಾನ್ ಎಂಬ ಅನಿಲ ಹೊರಡುತ್ತದೆ. ಗಾಳಿಯಾಡದ, ಸದಾ ಮುಚ್ಚಿದ ಕೋಣೆಯಲ್ಲಿ ಅದು ಸೇರಿಕೊಳ್ಳಬಹುದು. ರಾತ್ರಿಯೆಲ್ಲ ಕಿಂಡಿ ತೆರೆದಿರುವ ಮನೆಯಲ್ಲಿ ಅದು ಸೇರಿಕೊಳ್ಳುವುದು ಕಡಿಮೆ.

ಕರಡಿ, ಚಿರತೆ, ಹಾವು?

ಇವೆ. ನಾವು ಬಂದದ್ದು ಅವುಗಳ ದಾರಿಗೆ. ಗುಂಡುಗಳ ನಡುವಿನ ಗವಿಗಳು ಕರಡಿಗೆ ಹಗಲಿನ ಮನೆ, ಅದು ಸಂಜೆ ಹೊರಟು ಬೋರೆ, ಕವಳೆ, ಹುತ್ತದ ಗೆದ್ದಲು ತಿಂದು ಬೆಳಗಾಗುವುದರೊಳಗೆ ಮರಳುತ್ತದೆ. ಗುಡ್ಡದ ಬದಿಗೆ ನಾವು ಗೋಡೆಯನ್ನಾಗಲಿ ದೀಪವನ್ನಾಗಲಿ ಹಾಕಿಲ್ಲ. ಕತ್ತಲಾದ ಮೇಲೆ ಆ ಬದಿಗೆ ಹೋಗುವುದಿಲ್ಲ, ಕಸವನ್ನು ಹೊರಗಿಡುವುದಿಲ್ಲ. ಕೆಳಗಿನ ಗದ್ದೆಯಲ್ಲಿ ಭತ್ತ ಇರುವಷ್ಟು ಕಾಲ ದೀಪಕ್ಕೆ ಬರುವ ಹುಳುಗಳಿಂದಾಗುವ ಪಾಡು, ನಿಜ ಹೇಳಬೇಕೆಂದರೆ, ಕರಡಿಯಿಂದಾಗುವುದಕ್ಕಿಂತ ದೊಡ್ಡದು. ಜನ ಮೆಚ್ಚಿ ಫೋಟೊ ತೆಗೆಯುವ ಆ ಹಸಿರು ಕೂಡ ಮನುಷ್ಯ ಮಾಡಿದ ಭೂದೃಶ್ಯವೇ. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಬರುವ ಮೊದಲು ಇಲ್ಲಿ ಜೋಳ ಸಜ್ಜೆಯ ಒಣ ಹೊಲಗಳಿದ್ದವು.

ಹುಲ್ಲುಹಾಸು, ಹೂದೋಟ ಏಕೆ ಮಾಡಿಲ್ಲ?

ಕಾರ್ಪೆಟ್ಟಿನಂತಹ ಹುಲ್ಲಿಗೆ ಹಾಕುವ ನೀರು ನಮ್ಮಲ್ಲಿಲ್ಲ, ಇದ್ದರೂ ಆ ಹಸಿರು ಚೌಕ ಈ ಬೂದು ಗುಲಾಬಿ ಕಲ್ಲುಗಳ ನಡುವೆ ಹೊಲಿದ ತೇಪೆಯಂತೆ ಕಾಣುತ್ತಿತ್ತು. ತಂಗಡಿ, ಕಕ್ಕೆ, ಮುತ್ತುಗ, ಬೇವು, ಕಳ್ಳಿ ಮೊದಲಿನಿಂದ ಇದ್ದವು. ಕೆಲಸದ ಕಾಲದಲ್ಲಿ ಲಾರಿ ತಿರುಗಲು ಕಡಿದಷ್ಟನ್ನು ಮತ್ತೆ ನೆಟ್ಟೆವು. ಬಂಡೆಯ ಮೇಲಿನ ದೊಣೆಗಳನ್ನು ಹಾಗೆಯೇ ಬಿಟ್ಟಿದ್ದೇವೆ, ಮಳೆಗಾಲದ ಕೊನೆಯವರೆಗೂ ಅವುಗಳಲ್ಲಿ ನೀರಿದ್ದು ಹಕ್ಕಿಗಳು ಬರುತ್ತವೆ. ತೊಂದರೆ ಕೊಡುವುದು ಒಂದೇ ಗಿಡ: ಹಕ್ಕಿ ಹಿಕ್ಕೆ ಹಾಕಿದ ಕಡೆಯೆಲ್ಲ ಅರಳಿಯ ಸಸಿ ಏಳುತ್ತದೆ, ಅದಕ್ಕೆ ಬೇಕಾದದ್ದು ಗುಂಡಿಗೂ ಗೋಡೆಗೂ ನಡುವಿನ ಆ ಸಂದೇ. ಎರಡು ಎಲೆ ಇದ್ದಾಗ ಎರಡು ಬೆರಳಲ್ಲಿ ಬರುತ್ತದೆ. ಗೇಣುದ್ದವಾದರೆ ಕಲ್ಲು ಕೀಳಬೇಕು. ಅರಳಿಯನ್ನು ಕೀಳಬಾರದೆಂದು ಅವ್ವ ಅವುಗಳನ್ನು ಕುಂಡಕ್ಕೆ ಹಾಕಿಸುತ್ತಾಳೆ. ಈಗ ಹನ್ನೊಂದು ಕುಂಡಗಳಿವೆ, ಬೇಕಾದವರು ಕೇಳಿ ಒಯ್ಯಬಹುದು.

ಬಾಗಿದ ಗೋಡೆಗೆ ಬೀರು ಹೇಗೆ ಕೂರುತ್ತದೆ?

ಕೂರುವುದಿಲ್ಲ. ಹಿಂದೆ ಉಳಿಯುವ ಸಂದಿನಲ್ಲಿ ಪೊರಕೆ ಇಡುತ್ತೇವೆ. ಬಾಗಿದ ಗೋಡೆಗೆ ಸೆಂಟ್ರಿಂಗ್ ಕೆಲಸವೂ ನೇರ ಗೋಡೆಗಿಂತ ದುಬಾರಿ. ಹಣ ಬಿಗಿ ಇದ್ದರೆ ಗೋಡೆ ನೇರವಾಗಿರಲಿ, ನೀರಿನ ಹಾದಿಗೆ ಅಡ್ಡ ಬರದಿದ್ದರೆ ಸಾಕು.

ಮನೆ ನೋಡಲು ಬರಬಹುದೇ?

ಭಾನುವಾರ ಬೆಳಗ್ಗೆ ಹತ್ತರೊಳಗೆ ಬನ್ನಿ, ಗಾಡಿಯನ್ನು ಕೆಳಗಿನ ಬೇವಿನ ಮರದ ಹತ್ತಿರ ನಿಲ್ಲಿಸಿ ನಡೆದು ಬನ್ನಿ. ವಿದ್ಯಾರ್ಥಿಗಳಾದರೆ ಸೆಪ್ಟೆಂಬರಿನಲ್ಲಿ, ಮೋಡ ಕಟ್ಟಿದ ದಿನವನ್ನೇ ನೋಡಿ ಬರುವುದು ಒಳ್ಳೆಯದು. ಒದ್ದೆ ಬಂಡೆಯ ಮೇಲೆ ರಬ್ಬರ್ ಚಪ್ಪಲಿ ಜಾರುತ್ತದೆ, ಬರಿಗಾಲು ಅಷ್ಟು ಜಾರುವುದಿಲ್ಲ. ಹಳದಿ ಬೊಟ್ಟುಗಳಲ್ಲಿ ಕೆಲವು ಇನ್ನೂ ಅಳಿಸಿಲ್ಲ, ಮೇಲಿನಿಂದ ಮೂರನೆಯ ಗುಂಡಿನ ಪಕ್ಕದಿಂದ ಹುಡುಕುತ್ತ ಇಳಿಯಿರಿ.